ಎದುರಿನವನ ಎಲೆ

2025ರಲ್ಲಿ ಕೇಂದ್ರದ ಕಾನೂನು ಬಂದು ಮೊಬೈಲಿನಲ್ಲಿ ಹಣವಿಟ್ಟು ಆಡುವುದು ನಿಂತ ಮೇಲೆ ನೀನೂ ನಿನ್ನ ಗೆಳೆಯರೂ ಗೋವಾ ಬಸ್ಸು ಹತ್ತುತ್ತಿದ್ದೀರಿ. ಮಾಂಡವಿಯ ಮೇಲಿನ ಕ್ಯಾಸಿನೊ ಹಡಗು ಬೇಡವೆಂದರೆ ನೀನು ಕೇಳುವವನಲ್ಲ. ಪೋಕರ್ ಮೇಜಿಗೆ ಕೂತ ಮೇಲೆ ತಲೆ ಹೇಗೆ ಓಡಿಸಬೇಕು ಅನ್ನುವುದನ್ನಾದರೂ ಕೇಳಿಸಿಕೊ.

'ಅವನ ಹತ್ತಿರ ಎರಡು ರಾಜ ಇದೆ' ಎಂದು ಒಂದೇ ಕೈ ಹೆಸರಿಸಿ ಕೂರಬೇಡ. ಅದು ಸಿನಿಮಾದವರ ಪೋಕರ್. 52 ಎಲೆಗಳಲ್ಲಿ ಎರಡೆರಡು ಎಲೆಯ ಜೋಡಣೆ 1,326 ಇವೆ. ಆಟ ಶುರುವಾದಾಗ ಎದುರಿನವನ ಕೈಯಲ್ಲಿ ಅವುಗಳಲ್ಲಿ ಯಾವುದು ಬೇಕಾದರೂ ಇರಬಹುದು. ಅವನು ಹಾಕುವ, ಹಾಕದೆ ಬಿಡುವ ಪ್ರತಿ ಬೆಟ್ಟೂ ಆ ಗುಂಪಿನಿಂದ ಒಂದಿಷ್ಟನ್ನು ಹೊರಗೆ ತಳ್ಳುತ್ತದೆ. ರಮ್ಮಿಯಲ್ಲಿ ನಿಮ್ಮಜ್ಜಿ, ಎದುರಿನವರು ಏನು ಎತ್ತಿಕೊಂಡರು, ಏನು ಎಸೆದರು ಎಂದು ನೆನಪಿಡುತ್ತಿದ್ದರಲ್ಲ, ಅದೇ ಕೆಲಸ. ಉಳಿದದ್ದಕ್ಕೆ ನೀವು ರೇಂಜ್ ಅನ್ನುತ್ತೀರಿ.

ಒಂದು ಕೈ ನೋಡೋಣ. ಬ್ಲೈಂಡ್ ನೂರು–ಇನ್ನೂರು. ನಿನಗೆ ಎಕ್ಕ–ರಾಜ, ಸಾವಿರಕ್ಕೆ ಏರಿಸಿದೆ. ನಿವೃತ್ತರಂತೆ ಕಾಣುವ, ಸಂಜೆಯಿಂದ ಒಮ್ಮೆಯೂ ರೇಸ್ ಮಾಡದ ಒಬ್ಬರು ಮಾತ್ರ ಕಾಲ್ ಮಾಡಿದರು. ಫ್ಲಾಪ್ ಎಕ್ಕ, 7, 2, ಮೂರೂ ಬೇರೆ ಬೇರೆ ಬಣ್ಣ. ನೀನು 1,500 ಹಾಕಿದೆ, ಕಾಲ್. ಟರ್ನ್ 9. ನೀನು 3,500, ಮತ್ತೆ ಕಾಲ್. ಇಲ್ಲಿಯವರೆಗೆ ಖುಷಿಯಾಗಿರು. ಎಕ್ಕದ ಜೊತೆ ರಾಣಿ, ಗುಲಾಮ, ಹತ್ತು ಹಿಡಿದವರೆಲ್ಲ ಹೀಗೇ ಕಾಲ್ ಮಾಡುತ್ತಾರೆ. ಉಳಿದ ಎಕ್ಕ ಎರಡೇ ಆದ್ದರಿಂದ ಒಂದೊಂದಕ್ಕೆ ಎಂಟು, ಒಟ್ಟು 24 ಜೋಡಣೆ, ಎಲ್ಲವೂ ನಿನಗಿಂತ ಹಿಂದೆ.

ರಿವರ್‌ನಲ್ಲಿ ನಾಲ್ಕು ಬಂತು, ಫ್ಲಶ್ ಆಗುವಂತಿಲ್ಲ. ನೀನು 6,000 ಹಾಕಿದೆ. ಅವರು ಸದ್ದಿಲ್ಲದೆ ಇದ್ದ 20,000ವನ್ನೂ ಮುಂದೆ ತಳ್ಳಿದರು.

ಆ 24 ಈಗ ಎಲ್ಲಿ? ಎಕ್ಕ–ರಾಣಿ ಹಿಡಿದವರು ಇಲ್ಲಿ ಹೆದರಿ ಹೆದರಿ ಕಾಲ್ ಮಾಡುತ್ತಾರೆ, ಏರಿಸುವುದಿಲ್ಲ. ಹಾಗಾದರೆ ಅಷ್ಟೂ ಹೋದವು. ಉಳಿದದ್ದು 9, 7, 2ರ ಸೆಟ್‌ಗಳು ತಲಾ ಮೂರರಂತೆ ಒಂಬತ್ತು. ಎಕ್ಕ–9, ಎಕ್ಕ–7 ತಲಾ ಆರರಂತೆ ಹನ್ನೆರಡು. ಉಳಿದ ಸಣ್ಣಪುಟ್ಟದ್ದನ್ನು ಬಿಟ್ಟರೂ 21 ಕೈ ನಿನ್ನನ್ನು ಸೋಲಿಸುತ್ತವೆ. ಮೇಜಿನ ಮೇಲೆ 38,300 ಇದೆ, ನೀನು ಕೊಡಬೇಕಾದದ್ದು 14,000. ನೂರಕ್ಕೆ 27 ಸಲ ಗೆದ್ದರೆ ಆ ಕಾಲ್ ಹೆಚ್ಚುಕಡಿಮೆ ಸರಿಹೋಗುತ್ತದೆ. ಅಂದರೆ ಈ ಮನುಷ್ಯನ ಬಳಿ ಎಂಟು ಜೋಡಣೆಯಷ್ಟಾದರೂ ಬ್ಲಫ್ ಇರಬೇಕು. ಎಲ್ಲಿಂದ ತರುತ್ತಾರೆ? ಬರಬೇಕಾದ್ದು ಬಾರದೆ ಕೈಕೊಟ್ಟ ಡ್ರಾ ಎಂಬುದೇ ಈ ಬೋರ್ಡಿನಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಎಕ್ಕ–ರಾಜವನ್ನು ಮುಖ ಕೆಳಗಾಗಿ ಡೀಲರ್ ಕಡೆ ಸರಿಸು. ನೋಯುತ್ತದೆ, ನೋಯಲಿ.

ಇದೇ ರೇಸ್ ಹೂಡಿ ತೊಟ್ಟ, ಎರಡು ಕೈಗೊಮ್ಮೆ ಏರಿಸುವ ಇಪ್ಪತ್ತೈದರ ಹುಡುಗನಿಂದ ಬಂದಿದ್ದರೆ ಲೆಕ್ಕ ಬೇರೆ. ಅವನ ಜೇಬಲ್ಲಿ ಎಂಟಲ್ಲ, ಇಪ್ಪತ್ತು ಬ್ಲಫ್ ಇರಬಹುದು. ಅಂಕಗಣಿತ ಇಬ್ಬರಿಗೂ ಒಂದೇ, ಅದರೊಳಗೆ ಯಾವ ಕೈಗಳನ್ನು ಹಾಕುತ್ತೀಯ ಅನ್ನುವುದು ಮಾತ್ರ ಮನುಷ್ಯನ ಮೇಲೆ ನಿಂತಿದೆ.

ಆ ಮನುಷ್ಯನನ್ನು ಅರಿಯುವುದಕ್ಕೆ ಇಲ್ಲಿ ಪರದೆಯ ಅಂಕಿಅಂಶ ಸಿಗುವುದಿಲ್ಲ. ಗಂಟೆಗೆ ಸುಮಾರು ಮೂವತ್ತು ಕೈ ನಡೆಯುತ್ತವೆ, ಅದರಲ್ಲಿ ಮುಕ್ಕಾಲುಪಾಲು ನೀನು ಎಸೆದಿರುತ್ತೀಯ. ಎಸೆದ ಮೇಲೆ ಫೋನ್ ತೆಗೆಯುತ್ತೀಯಲ್ಲ, ಅದೇ ನನಗೆ ಸಿಟ್ಟು. ಕೊನೆಯಲ್ಲಿ ಎಲೆ ತೋರಿಸಿದಾಗ ಹಿಂದಕ್ಕೆ ನಡೆದು ನೋಡು: ಇವನು ಎರಡು ರಾಣಿ ಇಟ್ಟುಕೊಂಡೂ ಮೊದಲು ಬರೀ ಕಾಲ್ ಮಾಡಿದ್ದನೇ? ಡ್ರಾ ಇದ್ದಾಗ ಎಷ್ಟು ಹಾಕಿದ? ಮುಖ, ಕೈನಡುಕ ಎಲ್ಲ ಆಮೇಲೆ. ಮೈಕ್ ಕ್ಯಾರೊ 1984ರಲ್ಲೇ ಅದರ ಮೇಲೆ ಒಂದು ಪುಸ್ತಕ ಬರೆದಿದ್ದಾನೆ, ಬೇಕಾದರೆ ಓದು. ಬಲ ಇರುವವನು ಬಲಹೀನನಂತೆ ನಟಿಸುತ್ತಾನೆ ಅನ್ನುವುದು ಅವನ ವಾದದ ತಿರುಳು. ನಾನಂತೂ ನಡುಗುವ ಬೆರಳಿಗಿಂತ ಚಿಪ್ಸ್ ಎಷ್ಟು ಬಂತು ಎಂಬುದನ್ನೇ ಹೆಚ್ಚು ನಂಬುತ್ತೇನೆ.

ಇನ್ನೊಂದು. ಎಡಗಡೆಯವರು ಬಹುತೇಕ ನಿನ್ನ ನಂತರ ಆಡುತ್ತಾರೆ, ಅವರ ವಿಷಯ ತಿಳಿಯುವುದು ಯಾವಾಗಲೂ ತಡವಾಗಿ. ಹೆಚ್ಚು ಏರಿಸುವ ಹುಡುಗ ನಿನ್ನ ಎಡಕ್ಕೆ ಕೂತಿದ್ದರೆ, ಅವನ ಎಡಕ್ಕೆ ಕುರ್ಚಿ ಖಾಲಿಯಾದ ಕೂಡಲೇ ಅಲ್ಲಿಗೆ ಬದಲಾಯಿಸಿಕೊಡಿ ಎಂದು ಕೇಳು.