ಇಳಿಹೊತ್ತಿನ ಆಟಗಾರರು

ಸುಗ್ಗಿ ಮುಗಿದು ಜೋಳದ ಹೊಲಗಳು ಬರಿದಾದೊಡನೆ ಹುನಗುಂದ, ಇಳಕಲ್ಲುಗಳ ಸುತ್ತಲಿನ ಎರೆನೆಲವು ಹುಡುಗರ ಆಟದ ಬಯಲಾಗುತ್ತದೆ. ಬಿರುಕು ಬಿಟ್ಟ ಆ ನೆಲದಲ್ಲಿ ಚೆಂಡು ಎತ್ತ ಪುಟಿದೀತೆಂಬುದನ್ನು ಎಸೆದವನೂ ಅರಿಯನು. ಬಾದಾಮಿಯ ಕೆಂಗಲ್ಲು ಬೆಟ್ಟಗಳ ಮಗ್ಗುಲಲ್ಲಿ, ಬಾಗಲಕೋಟೆಯ ನವನಗರದ ಬಯಲುಗಳಲ್ಲಿ ಸಂಜೆಯ ನೋಟ ಇದೇ. ಈ ಹುಡುಗರಲ್ಲಿ ನಲವತ್ತನೆಯ ವಯಸ್ಸಿಗೂ ಆಡುತ್ತಿರುವವರು ಎಷ್ಟು ಮಂದಿ ಸಿಕ್ಕಾರು? ಹತ್ತನೆಯ ತರಗತಿ ಮುಗಿಯುವುದರೊಳಗೆ ಹಲವರ ಕೈಯಿಂದ ಚೆಂಡು ಜಾರಿಹೋಗಿರುತ್ತದೆ. ಉಳಿದವರನ್ನು ಓಣಿಯ ಹಿರಿಯರು “ಇನ್ನೂ ಆಡ್ತೀಯೇನಪಾ?” ಎಂದು ಕೇಳಿ ನಾಚಿಸಿಬಿಡುತ್ತಾರೆ.

ಅದೇ ಇಳಕಲ್ಲಿನಲ್ಲಿ, ಎಳೆಯ ವಯಸ್ಸಿನಲ್ಲಿ ಕುಣಿಮಗ್ಗಕ್ಕೆ ಇಳಿದ ನೇಕಾರನು ಅರವತ್ತು ದಾಟಿದ ಮೇಲೂ ಲಾಳಿ ಆಡಿಸುತ್ತಿದ್ದರೆ ಯಾರೂ ಬೆರಗಾಗುವುದಿಲ್ಲ. ಸೀರೆಯ ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಎಳೆಎಳೆಯಾಗಿ ಕೊಂಡಿ ಹಾಕಿ ಕೂಡಿಸುವ ಕೆಲಸವು ತೋಳಿನ ಬಲದಿಂದ ಸಾಗುವುದಲ್ಲ. ಬೆರಳಿಗೆ ಬಂದ ಅರಿವಿನಿಂದ ಸಾಗುವುದು. ಅಂಥ ಅರಿವು ಮಗ್ಗಕ್ಕೆ ಮಾತ್ರ ಮೀಸಲೆ? ಆಟದ ಅಂಗಳದಲ್ಲಿ ಅದಕ್ಕೆ ಎಡೆಯಿಲ್ಲವೆ?

ಆಟವು ಯೌವನದ ಸೊತ್ತೆಂಬ ನಂಬಿಕೆ ಆಧಾರವಿಲ್ಲದ್ದಲ್ಲ. ಮೂವತ್ತು ದಾಟಿದ ಮೇಲೆ ಕಾಲಿನ ವೇಗ ತಗ್ಗುತ್ತದೆ. ನೋವು ಮಾಗಲು ಹೆಚ್ಚು ದಿನ ಬೇಕಾಗುತ್ತದೆ. ಭುಜವನ್ನು ಬಲವಾಗಿ ಬೀಸಿ ಚೆಂಡನ್ನು ಎಸೆಯುವವರ ಪಾಡಂತೂ ಕಠಿನ. ಪ್ರತಿಯೊಂದು ಎಸೆತದಲ್ಲಿಯೂ ಭುಜದ, ಮೊಣಕೈಯ ಸ್ನಾಯುಗಳು ಜಗ್ಗುತ್ತವೆ. ಅಂಥ ಎಸೆತಗಳನ್ನು ಸಾವಿರಗಟ್ಟಲೆ ಎಸೆದ ತೋಳು ಒಂದು ದಿನ ಮುಷ್ಕರ ಹೂಡಿದರೆ ಅಚ್ಚರಿಯೇನು? ಆದರೂ ಕೆಲವರು ಇಪ್ಪತ್ತು, ಮೂವತ್ತು ವರ್ಷಗಳ ಕಾಲ ಅಂಗಳವನ್ನು ಬಿಡಲಿಲ್ಲ.

ಅಮೆರಿಕೆಯ ಜನಪ್ರಿಯ ಆಟವಾದ ಬೇಸ್‌ಬಾಲಿನಲ್ಲಿ ಇಂಥವರ ಕಥೆಗಳು ಹೇರಳ. ಅದು ಒಂದೊಂದು ಪಕ್ಷದಲ್ಲಿ ಒಂಬತ್ತು ಮಂದಿ ಆಡುವ ಆಟ. ಎಸೆತಗಾರನು ಸುಮಾರು 18 ಮೀಟರು ದೂರದಿಂದ ಚೆಂಡನ್ನು ನೆಲಕ್ಕೆ ತಾಗಿಸದೆ ನೇರವಾಗಿ ದಾಂಡಿಗನತ್ತ ಎಸೆಯುತ್ತಾನೆ; ದಾಂಡಿಗನು ಅದನ್ನು ಹೊಡೆದು, ನಾಲ್ಕು ಮೂಲೆಗಳ ನೆಲೆಗಳನ್ನು ಸುತ್ತಿ ಬಂದರೆ ಒಂದು ಓಟ. ಈ ಆಟದ ಎಸೆತಗಾರರಲ್ಲಿ ಸ್ಯಾಚೆಲ್ ಪೇಜ್ ಎಂಬವನ ಹೆಸರು ದಂತಕಥೆಯಾಗಿದೆ. 1906ರಲ್ಲಿ ಅಲಬಾಮಾ ಪ್ರಾಂತದ ಮೊಬೀಲ್ ನಗರದ ಬಡ ಕರಿಯರ ಕುಟುಂಬದಲ್ಲಿ ಹುಟ್ಟಿದ ಈತನು ಬಾಲ್ಯದಲ್ಲಿ ರೈಲು ನಿಲ್ದಾಣದಲ್ಲಿ ಪ್ರಯಾಣಿಕರ ಚೀಲಗಳನ್ನು ಹೊರುತ್ತಿದ್ದನಂತೆ. ‘ಸ್ಯಾಚೆಲ್’ ಎಂದರೆ ಕೈಚೀಲ. ಆ ಅಡ್ಡಹೆಸರೇ ಅವನಿಗೆ ನಿಂತಿತು.

ಪೇಜನ ಚೆಂಡಿನ ವೇಗಕ್ಕೆ ಎಣೆಯಿರಲಿಲ್ಲ. ಆದರೆ ಅಂದಿನ ಅಮೆರಿಕೆಯ ಪ್ರಮುಖ ಲೀಗುಗಳಲ್ಲಿ ಕರಿಯರಿಗೆ ಪ್ರವೇಶವಿರಲಿಲ್ಲ. ಅವರಿಗಾಗಿಯೇ ಇದ್ದ ಬೇರೆ ಲೀಗುಗಳಲ್ಲಿ 1920ರ ದಶಕದಿಂದ ಆತನು ಆಡಿದನು. ಊರಿಂದೂರಿಗೆ ಅಲೆದು ಪ್ರದರ್ಶನ ಪಂದ್ಯಗಳನ್ನು ಆಡಿದನು. ಚಳಿಗಾಲದಲ್ಲಿ ಕಡಲಾಚೆಯ ದ್ವೀಪಗಳಿಗೂ ಹೋಗಿ ಎಸೆದನು. ಹಗಲು ಚಪ್ಪಾಳೆ ತಟ್ಟಿದ ಊರಿನಲ್ಲಿಯೇ ಇರುಳು ತಂಗಲು ಕೋಣೆ ದೊರೆಯದ ಕಾಲವದು. 1938ರ ಸುಮಾರಿಗೆ ತೋಳು ಕೆಟ್ಟಿತು. ಅವನ ಆಟ ಮುಗಿಯಿತೆಂದೇ ಜನ ತಿಳಿದರು. ತೋಳು ಮರಳಿ ಚೇತರಿಸಿಕೊಂಡಾಗ ಪೇಜನು ಹಳೆಯ ಪೇಜನಾಗಿರಲಿಲ್ಲ. ವೇಗವೊಂದನ್ನೇ ನೆಚ್ಚದೆ ಬಗೆಬಗೆಯ ನಿಧಾನದ, ತಿರುವಿನ ಎಸೆತಗಳನ್ನು ರೂಢಿಸಿಕೊಂಡನು.

1947ರಲ್ಲಿ ಜಾಕಿ ರಾಬಿನ್ಸನ್ ಬ್ರೂಕ್ಲಿನ್ ತಂಡವನ್ನು ಸೇರಿ ವರ್ಣಭೇದದ ಆ ಗೋಡೆಯನ್ನು ಒಡೆದನು. ಮರುವರ್ಷ ಕ್ಲೀವ್‌ಲೆಂಡ್ ತಂಡವು ಪೇಜನನ್ನು ಕರೆಯಿತು. ಅಷ್ಟರಲ್ಲಿ ಅವನಿಗೆ ನಲವತ್ತೆರಡು. ಉಳಿದವರು ನಿವೃತ್ತರಾಗುವ ವಯಸ್ಸಿನಲ್ಲಿ ಅವನದು ಪ್ರವೇಶ. ಆ ಋತುವಿನಲ್ಲಿ ಆರು ಪಂದ್ಯಗಳ ಗೆಲುವು ಅವನ ಹೆಸರಿನಲ್ಲಿ ಬರೆಯಲ್ಪಟ್ಟಿತು, ಸೋಲು ಒಂದೇ. ತಂಡವು ವರ್ಷದ ಮಹಾಪ್ರಶಸ್ತಿಯನ್ನೂ ಪಡೆಯಿತು. ಇಷ್ಟಕ್ಕೆ ಮುಗಿಯಲಿಲ್ಲ. 1965ರ ಸೆಪ್ಟೆಂಬರಿನಲ್ಲಿ, ಐವತ್ತೊಂಬತ್ತರ ಪೇಜನನ್ನು ಕಾನ್ಸಾಸ್ ನಗರದ ತಂಡವು ಒಂದು ಪಂದ್ಯಕ್ಕೆ ಕರೆತಂದಿತು. ಜನರನ್ನು ಸೆಳೆಯಲು ತಂಡದ ಒಡೆಯನು ಹೂಡಿದ ಆಟವದು. ಅಂಗಳದ ಅಂಚಿನಲ್ಲಿ ತೂಗುಕುರ್ಚಿ ಹಾಕಿಸಿ, ಪಕ್ಕದಲ್ಲಿ ಒಬ್ಬ ದಾದಿಯನ್ನೂ ನಿಲ್ಲಿಸಿದ್ದನು! ಪೇಜನು ಆ ಹಾಸ್ಯಕ್ಕೆ ಸಿಡುಕಲಿಲ್ಲ. ಕುರ್ಚಿಯಿಂದ ಎದ್ದು ಹೋಗಿ ಮೂರು ಸರದಿಗಳಲ್ಲಿ ಬೋಸ್ಟನ್ ತಂಡಕ್ಕೆ ಒಂದು ಓಟವನ್ನೂ ಕೊಡದೆ ಬಂದನು. ಅವನ ಆಯುಷ್ಯದ ಉತ್ತಮ ವರ್ಷಗಳನ್ನು ಕಾಣಲು ನಿರಾಕರಿಸಿದ ಆ ಲೀಗು ಕಂಡದ್ದು ಅವನ ಸಂಜೆಯನ್ನು ಮಾತ್ರ. ದೀರ್ಘ ಆಟದ ಹಿಂದೆ ಇಂಥ ಅನ್ಯಾಯವೂ ಇರಬಹುದೆಂಬುದನ್ನು ಮರೆತು ಬರಿಯ ಬೆರಗಿನಿಂದ ಅವನನ್ನು ಹೊಗಳುವುದು ಸರಿಯಾಗದು.

ವೇಗವನ್ನೇ ಕೊನೆಯವರೆಗೂ ಕಾಪಾಡಿಕೊಂಡವರು ಇಲ್ಲವೆಂದಲ್ಲ. ನೋಲನ್ ರಯನ್ ಎಂಬವನು 1966ರಿಂದ 1993ರವರೆಗೆ ಇಪ್ಪತ್ತೇಳು ಋತುಗಳಲ್ಲಿ ಎಸೆದನು. ನಲವತ್ತನಾಲ್ಕರಲ್ಲಿಯೂ ಅವನ ಚೆಂಡು ಹೊಗೆಯಾಡುತ್ತಿತ್ತು. ಅಂಥ ತೋಳು ಪ್ರಕೃತಿಯ ವರ, ಅದನ್ನು ಅನುಕರಿಸಲಾಗದು. ಜೇಮೀ ಮೋಯರ್ ಎಂಬವನು ಮಾತ್ರ ಮೊದಲಿನಿಂದಲೂ ವೇಗವಿಲ್ಲದ ಎಸೆತಗಾರ. ಮೊಣಕೈಯ ಶಸ್ತ್ರಚಿಕಿತ್ಸೆಯ ಅನಂತರ 2012ರಲ್ಲಿ, ನಲವತ್ತೊಂಬತ್ತರ ವಯಸ್ಸಿನಲ್ಲಿ, ಪಂದ್ಯವನ್ನು ಗೆದ್ದುಕೊಟ್ಟನು.

ನಮ್ಮವರಿಗೆ ಹೆಚ್ಚು ಪರಿಚಿತವಾದ ಕ್ರಿಕೆಟ್ಟಿಗೆ ಬಂದರೆ, ಇಂಗ್ಲೆಂಡಿನ ವಿಲ್ಫ್ರೆಡ್ ರೋಡ್ಸನ ಚರಿತ್ರೆ ಇನ್ನೂ ಸ್ವಾರಸ್ಯವಾದುದು. 1899ರಲ್ಲಿ ಅವನು ಮೊದಲ ಟೆಸ್ಟ್ ಆಡಿದನು. 1930ರಲ್ಲಿ ಕೊನೆಯ ಟೆಸ್ಟ್ ಆಡುವಾಗ ಅವನಿಗೆ ಐವತ್ತೆರಡು ತುಂಬಿತ್ತು. ಎಡಗೈಯ ನಿಧಾನ ಎಸೆತಗಾರನಾಗಿ, ಕೊಟ್ಟಕೊನೆಯ ದಾಂಡಿಗನಾಗಿ ತಂಡಕ್ಕೆ ಬಂದ ರೋಡ್ಸನು ಮೆಲ್ಲಮೆಲ್ಲನೆ ಮೇಲೇರಿ ಆರಂಭದ ದಾಂಡಿಗನಾದನು. 1912ರಲ್ಲಿ ಮೆಲ್ಬರ್ನಿನಲ್ಲಿ ಹಾಬ್ಸನೊಡನೆ ಮೊದಲ ವಿಕೆಟ್ಟಿಗೆ 323 ಓಟಗಳನ್ನು ಕೂಡಿಸಿದನು. ಮುಂದೆ ಮತ್ತೆ ಎಸೆತಕ್ಕೇ ಮರಳಿದನು. 1926ರಲ್ಲಿ ನಲವತ್ತೆಂಟರ ಈ ಹಿರಿಯನನ್ನು ಓವಲ್ ಪಂದ್ಯಕ್ಕೆ ಕರೆದಾಗ ಆಸ್ಟ್ರೇಲಿಯದ ನಾಲ್ವರನ್ನು ಉರುಳಿಸಿ ಗೆಲುವಿಗೆ ಕಾರಣನಾದನು. ಭಾರತದ ಮೊದಲ ಟೆಸ್ಟ್ ನಾಯಕ ಸಿ. ಕೆ. ನಾಯುಡು ಅವರು 1916ರಲ್ಲಿ ಪ್ರಥಮ ದರ್ಜೆಯ ಆಟಕ್ಕೆ ಕಾಲಿಟ್ಟು 1963ರಲ್ಲಿ, ಅರವತ್ತೆಂಟರ ವಯಸ್ಸಿನಲ್ಲಿ, ಕೊನೆಯ ಪಂದ್ಯವನ್ನು ಆಡಿದರು.

ಕನ್ನಡನಾಡಿನಲ್ಲಿಯೂ ಇತ್ತೀಚೆಗೆ ಇಂಥದೊಂದು ಅಪೂರ್ವ ದೃಶ್ಯ ಕಂಡಿತು. ಕೊಡಗಿನ ಮನೆತನದ ಟೆನ್ನಿಸ್ ಆಟಗಾರ ರೋಹನ್ ಬೋಪಣ್ಣ 2002ರಲ್ಲಿ ಡೇವಿಸ್ ಕಪ್ಪಿನಲ್ಲಿ ಭಾರತಕ್ಕಾಗಿ ಆಡತೊಡಗಿದರು. ಒಂಟಿಯಾಟವನ್ನು ಬಿಟ್ಟುಕೊಟ್ಟು ಜೋಡಿಯಾಟದಲ್ಲಿಯೇ ನೆಲೆನಿಂತರು. ಮೊಣಕಾಲುಗಳ ಮೃದ್ವಸ್ಥಿ ಸವೆದುಹೋಗಿ ನೋವು ಅವರನ್ನು ಕಾಡಿತು. ಆಗ ಕೈಹಿಡಿದದ್ದು ಅಯ್ಯಂಗಾರ್ ಪದ್ಧತಿಯ ಯೋಗ. ಅದನ್ನು ಜಗತ್ತಿಗೆ ಕಲಿಸಿದ ಬಿ. ಕೆ. ಎಸ್. ಅಯ್ಯಂಗಾರರೂ ಕೋಲಾರ ಜಿಲ್ಲೆಯ ಬೆಳ್ಳೂರಿನವರೇ. 2021ರಲ್ಲಿ ಸಾಲುಸಾಲಾಗಿ ಸೋತು ಆಟವನ್ನು ಬಿಟ್ಟುಬಿಡುವ ಯೋಚನೆಗೆ ಬಂದಿದ್ದ ಬೋಪಣ್ಣನವರು 2024ರ ಜನವರಿಯಲ್ಲಿ ಮ್ಯಾಥ್ಯೂ ಎಬ್ಡೆನ್ನನ ಜೊತೆಗೂಡಿ ಆಸ್ಟ್ರೇಲಿಯನ್ ಓಪನ್ ಗೆದ್ದರು. ಜೋಡಿಯಾಟದಲ್ಲಿ ವಿಶ್ವದ ಮೊದಲನೆಯ ಸ್ಥಾನಕ್ಕೂ ಏರಿದರು. ಆಗ ಅವರ ವಯಸ್ಸು ನಲವತ್ತಮೂರು. 2025ರ ನವೆಂಬರಿನಲ್ಲಿ ವಿದಾಯ ಹೇಳಿದರು.

ಬೋಪಣ್ಣನವರ ಗೆಲುವನ್ನು ಲೋಕವೇ ನೋಡಿತು. ಯಾರೂ ನೋಡದಿದ್ದಾಗಲೂ ಆಡುವುದು ಇನ್ನೊಂದು ಬಗೆಯ ಕಷ್ಟ. ಅದನ್ನು ಅರಿಯಲು ಬಹುದೂರ ಹೋಗಬೇಕಿಲ್ಲ. ಬಾಗಲಕೋಟೆಯಿಂದ ಹೊರಟು ಬಾದಾಮಿಯನ್ನು ಹಾದು, ಮಲಪ್ರಭೆಯನ್ನು ದಾಟಿ ತೆಂಕಣಕ್ಕೆ ಸಾಗುವ ರೈಲು ಗದಗನ್ನು ಮುಟ್ಟುತ್ತದೆ. ಸುನಿಲ್ ಜೋಶಿ ಹುಟ್ಟಿದ್ದು ಅಲ್ಲಿ, 1970ರಲ್ಲಿ. ಎಳವೆಯಲ್ಲಿ ಆತನು ಆಟದ ಅಭ್ಯಾಸಕ್ಕೆಂದು ಸುಮಾರು ಅರವತ್ತು ಕಿಲೋಮೀಟರು ದೂರದ ಹುಬ್ಬಳ್ಳಿಗೆ ಬೆಳಗಿನಲ್ಲಿಯೇ ಹೋಗಿ, ಶಾಲೆಯ ಹೊತ್ತಿಗೆ ಮರಳಿ ಗದಗಿಗೆ ಬರುತ್ತಿದ್ದನು. ಬಾಗಲಕೋಟೆ, ಹುನಗುಂದಗಳ ಹುಡುಗರಿಗೆ ಈ ಪಾಡನ್ನು ವಿವರಿಸಿ ಹೇಳಬೇಕಾಗಿಲ್ಲ.

1992-93ರಲ್ಲಿ ಜೋಶಿಯವರು ಕರ್ನಾಟಕದ ಪರವಾಗಿ ಆಡತೊಡಗಿದರು. ಎಡಗೈಯ ನಿಧಾನ ಎಸೆತ. ಕೆಳಗಿನ ಕ್ರಮಾಂಕದಲ್ಲಿ ನಂಬಿಕೆಯ ದಾಂಡಿಗತನ. ಕರ್ನಾಟಕವು ರಣಜಿ ಟ್ರೋಫಿಯನ್ನು ಗೆದ್ದ 1995-96ರ ಒಂದೇ ಋತುವಿನಲ್ಲಿ ಅವರು ಐನೂರಕ್ಕಿಂತ ಹೆಚ್ಚು ಓಟಗಳನ್ನೂ ಐವತ್ತಕ್ಕಿಂತ ಹೆಚ್ಚು ವಿಕೆಟ್ಟುಗಳನ್ನೂ ಗಳಿಸಿದರು. 1996ರಲ್ಲಿ ಟೆಸ್ಟ್ ತಂಡದ ಕರೆ ಬಂದಿತು. 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕದ ಎದುರು ಹತ್ತು ಓವರುಗಳಲ್ಲಿ ಕೇವಲ ಆರು ಓಟ ಕೊಟ್ಟು ಐದು ವಿಕೆಟ್ ಪಡೆದರು. ಆ ಹತ್ತರಲ್ಲಿ ಆರು ಓವರುಗಳಲ್ಲಿ ಓಟವೇ ಇರಲಿಲ್ಲ. 2000ದ ನವೆಂಬರಿನಲ್ಲಿ ಢಾಕಾದಲ್ಲಿ ಬಾಂಗ್ಲಾದೇಶವು ಆಡಿದ ಮೊತ್ತಮೊದಲ ಟೆಸ್ಟಿನಲ್ಲಿ 92 ಓಟ ಹೊಡೆದು, ಎರಡು ಸರದಿಗಳಲ್ಲಿ ಎಂಟು ವಿಕೆಟ್ ಕಿತ್ತು, ಪಂದ್ಯಪುರುಷರಾದರು.

ಅಲ್ಲಿಂದಾಚೆಗೆ ಬಾಗಿಲು ಮುಚ್ಚಿತು. 2001ರ ತರುವಾಯ ಭಾರತ ತಂಡದ ಕರೆ ಅವರಿಗೆ ಬರಲಿಲ್ಲ. ಹದಿನೈದು ಟೆಸ್ಟ್, ಅರವತ್ತೊಂಬತ್ತು ಏಕದಿನ ಪಂದ್ಯಗಳಿಗೆ ಲೆಕ್ಕ ನಿಂತಿತು. ಆಗ ಅವರಿಗೆ ಮೂವತ್ತೊಂದರ ಆಸುಪಾಸು. ಬೇರೊಬ್ಬನಾಗಿದ್ದರೆ ಕೈಚೆಲ್ಲಿ ಕೂರುತ್ತಿದ್ದನೇನೋ. ಜೋಶಿಯವರು ಹತ್ತು ಹತ್ತಿರದ ವರ್ಷಗಳ ಕಾಲ ರಣಜಿ ಪಂದ್ಯಗಳಲ್ಲಿ ಎಸೆಯುತ್ತಲೇ ಇದ್ದರು. ಆ ಪಂದ್ಯಗಳಿಗೆ ನೋಡುಗರು ವಿರಳ. ಮೆಟ್ಟಿಲುಗಳಲ್ಲಿ ಅಲ್ಲೊಬ್ಬರು ಇಲ್ಲೊಬ್ಬರು ಬಿಸಿಲು ಮರೆಮಾಡಿ ಕುಳಿತಿರುತ್ತಾರೆ. ನಿಧಾನ ಎಸೆತಗಾರನ ಬಂಡವಾಳವಿರುವುದು ಬೆರಳಲ್ಲಿ, ಮಣಿಕಟ್ಟಿನಲ್ಲಿ, ಎದುರಿನ ದಾಂಡಿಗನ ಹೆಜ್ಜೆಯನ್ನು ಓದುವ ಕಣ್ಣಿನಲ್ಲಿ. ವಯಸ್ಸು ಇವನ್ನು ಬೇಗನೆ ಕಸಿಯಲಾರದು. ತಮಗಿಂತ ಹದಿನೈದು, ಇಪ್ಪತ್ತು ವರ್ಷ ಕಿರಿಯರಾದ ದಾಂಡಿಗರಿಗೆ ಚೆಂಡನ್ನು ತುಸು ಎತ್ತರಕ್ಕೆ ತೇಲಿಸಿ, ಮುಂದಿನ ಎಸೆತವನ್ನು ತುಸು ಮೊದಲೇ ನೆಲಕ್ಕಿಳಿಸಿ, ದಿನವಿಡೀ ಕಾಯುವುದು ಅವರ ಕಾಯಕವಾಯಿತು. ಪ್ರಥಮ ದರ್ಜೆಯ ಪಂದ್ಯಗಳಲ್ಲಿ ಅವರ ವಿಕೆಟ್ಟುಗಳ ಮೊತ್ತ ಆರುನೂರನ್ನು ದಾಟಿತು, ಓಟಗಳ ಮೊತ್ತ ಐದು ಸಾವಿರವನ್ನು ಮೀರಿತು.

2010-11ರ ಋತುವಿನಲ್ಲಿ ಕೊನೆಯ ಬಾರಿಗೆ ಅಂಗಳಕ್ಕಿಳಿದಾಗ ಜೋಶಿಯವರಿಗೆ ನಲವತ್ತು ತುಂಬಿತ್ತು. 2012ರಲ್ಲಿ ನಿವೃತ್ತಿಯನ್ನು ಸಾರಿದರು. ಮುಂದೆ ಅವರು ಚೆಂಡನ್ನು ತಿರುಗಿಸುವ ವಿದ್ಯೆಯನ್ನು ಕಿರಿಯರಿಗೆ ಕಲಿಸಲು ಬಾಂಗ್ಲಾದೇಶದ ತಂಡದವರೆಗೂ ಹೋದರು. 2020ರಲ್ಲಿ ಭಾರತ ತಂಡವನ್ನು ಆರಿಸುವ ಸಮಿತಿಯ ಅಧ್ಯಕ್ಷ ಪೀಠವು, ಹತ್ತೊಂಬತ್ತು ವರ್ಷಗಳ ಹಿಂದೆ ಅಂಥದೇ ಸಮಿತಿಯೊಂದು ಕೈಬಿಟ್ಟಿದ್ದ ಈ ಗದಗಿನ ಎಸೆತಗಾರರದಾಯಿತು.