ನಮ್ಮ ಮನೆಯ ಮಾತು ತಿಳಿಯುವ ಆಪ್ತ ಸಲಹೆಗಾರರು

ನೊಣವಿನಕೆರೆ ಕಡೆಯ ಮನೆಗಳಲ್ಲಿ ಮನಸ್ಸಿನ ನೋವು ಬಹಳ ಸಲ ಮೈಯ ನೋವಾಗಿಯೇ ಬಾಯಿಗೆ ಬರುತ್ತದೆ: ತಲೆಭಾರ, ಎದೆ ಡವಡವ, ನಿದ್ದೆ ಹತ್ತದು. ಅದರ ಹಿಂದೆ ಅಣ್ಣತಮ್ಮಂದಿರ ಪಾಲಿನ ಜಗಳವಿರಬಹುದು, ಕೊಬ್ಬರಿ ರೇಟು ಬಿದ್ದ ವರ್ಷದ ಸಾಲವಿರಬಹುದು, ತೋಟ ನೋಡಿಕೊಂಡು ಊರಲ್ಲೇ ಉಳಿದ ಮಗನಿಗೆ ಹೆಣ್ಣು ಸಿಗದ ಸಂಕಟವಿರಬಹುದು. ಇದನ್ನೆಲ್ಲ ಕೇಳಿ, "ಬೇರೆ ಮನೆ ಮಾಡಿ" ಎಂದು ಒಂದೇ ಮಾತಲ್ಲಿ ಮುಗಿಸುವ ಸಲಹೆಗಾರರಿಗೆ ಗಂಟು ಎಲ್ಲಿದೆಯೆಂದೇ ಕಂಡಿಲ್ಲ.

ಮೊದಲ ಭೇಟಿಯಲ್ಲಿ ನೀವೂ ಪ್ರಶ್ನೆ ಕೇಳಿ, ಸಂಕೋಚ ಬೇಡ. ಕೂಡುಕುಟುಂಬದವರ ಕಷ್ಟ ಕೇಳಿ ಅಭ್ಯಾಸವಿದೆಯೇ? ಊರಿನ ಕಾಡಸಿದ್ಧೇಶ್ವರ ಮಠಕ್ಕೂ ಹೋಗಿಬರುತ್ತೇನೆ ಎಂದರೆ ಮುಖ ಸಿಂಡರಿಸುತ್ತಾರೆಯೇ, ಅಥವಾ ಅಲ್ಲಿ ಸಿಗುವ ನೆಮ್ಮದಿಯ ಬಗ್ಗೆ ವಿಚಾರಿಸುತ್ತಾರೆಯೇ? ಹಾಗೆ ವಿಚಾರಿಸುವವರೇ ನಿಮಗೆ ಬೇಕಾದವರು. ಹಾಗೆಂದು ನೆಂಟರಲ್ಲೋ ಜಾತಿಯಲ್ಲೋ ಹುಡುಕಬೇಡಿ. ಗುಟ್ಟು ಸಂತೆಗೆ ಬಂದೀತೆಂಬ ಅಂಜಿಕೆ ಇದ್ದಲ್ಲಿ ಮನಸ್ಸು ಬಿಚ್ಚದು. ಗೋಪ್ಯತೆಯ ಹಕ್ಕನ್ನು 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯೇ ಕೊಟ್ಟಿದೆ. ಎರಡು ಮೂರು ಭೇಟಿಯಾದರೂ ಹೊಂದದಿದ್ದರೆ ಬೇರೆಯವರನ್ನು ನೋಡಿ, ಅದು ಅಗೌರವವಲ್ಲ.

ಹತ್ತಿರ ಯಾರೂ ಸಿಗದಿದ್ದರೆ, 2022ರಲ್ಲಿ ಶುರುವಾದ ಸರ್ಕಾರಿ ಸಹಾಯವಾಣಿ ಟೆಲಿ ಮಾನಸ್ ಇದೆ. 14416ಕ್ಕೆ ಕರೆ ಮಾಡಿದರೆ ಹಗಲು ರಾತ್ರಿ ಯಾವಾಗಲಾದರೂ ಖರ್ಚಿಲ್ಲದೆ ಕನ್ನಡದಲ್ಲೇ ಮಾತಾಡಬಹುದು. ಸಾಯುವ ಯೋಚನೆ ಸುಳಿದರಂತೂ ತಕ್ಕವರು ಯಾರೆಂದು ಹುಡುಕುತ್ತ ಕೂರಬೇಡಿ, ಆಗಲೇ ಕರೆ ಮಾಡಿ, ಮನೆಯವರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ.