ಲೇಸರ್ ಡ್ರೋನಿನಿಂದ ಕಾಡಿನ ನಕ್ಷೆ: ಬುಡಕಟ್ಟು ಜನರ ಪಾತ್ರ

ಮರಗಳ ಎತ್ತರ, ಕಾಡಿನ ದಟ್ಟಣೆ ಮತ್ತು ನೆಲದ ಏರಿಳಿತವನ್ನು ಅಳೆಯಲು ಲೇಸರ್ ಉಪಕರಣ ಹೊತ್ತ ಡ್ರೋನ್‌ಗಳು ಈಚಿನ ವರ್ಷಗಳಲ್ಲಿ ಬಳಕೆಗೆ ಬಂದಿವೆ. ಈ ವಿಧಾನಕ್ಕೆ ಲೈಡಾರ್ ಎಂದು ಹೆಸರು. ನಡೆದು ತಲುಪಲು ಕಷ್ಟವಾದ ಬೆಟ್ಟ, ಕಣಿವೆಗಳಲ್ಲಿ ಇದು ಬಹು ಉಪಯುಕ್ತ.

ಉಪಕರಣವು ಸೆಕೆಂಡಿಗೆ ಲಕ್ಷಕ್ಕೂ ಹೆಚ್ಚು ಬೆಳಕಿನ ಮಿಡಿತಗಳನ್ನು ಕೆಳಕ್ಕೆ ಬಿಡುತ್ತದೆ. ಬೆಳಕಿನ ವೇಗ ಸೆಕೆಂಡಿಗೆ ಸುಮಾರು 3 ಲಕ್ಷ ಕಿ.ಮೀ. ಆದ್ದರಿಂದ ಮಿಡಿತವು ಹೋಗಿ ಮರಳಿದ ಕಾಲದಿಂದ ದೂರವನ್ನು ಲೆಕ್ಕ ಹಾಕಬಹುದು. ಒಂದೇ ಮಿಡಿತದ ಸ್ವಲ್ಪ ಭಾಗ ಮರದ ನೆತ್ತಿಗೆ ತಾಗಿ, ಸ್ವಲ್ಪ ಕೊಂಬೆಗೆ ತಾಗಿ, ಉಳಿದದ್ದು ಎಲೆಗಳ ಸಂದಿಯಿಂದ ನೆಲ ಮುಟ್ಟಿ ಹಿಂದಿರುಗುತ್ತದೆ. ನೆತ್ತಿಗೆ 75 ಮೀಟರ್, ಅದರ ಕೆಳಗಿನ ನೆಲಕ್ಕೆ 100 ಮೀಟರ್ ದೂರವಿದ್ದರೆ ಮರದ ಎತ್ತರ 25 ಮೀಟರ್. ಸಾಮಾನ್ಯ ಛಾಯಾಚಿತ್ರದಲ್ಲಿ ಹಸಿರು ಹೊದಿಕೆಯ ಕೆಳಗಿನ ನೆಲ ಕಾಣುವುದಿಲ್ಲ. ಲೇಸರಿನ ಹೆಚ್ಚುಗಾರಿಕೆ ಇರುವುದು ಇಲ್ಲಿಯೇ. ಎಲೆ ಉದುರುವ ಕಾಡಿನಲ್ಲಿ ನೆಲದ ಅಳತೆಗೆ ಬೇಸಿಗೆಯೇ ಸೂಕ್ತ.

ಆದರೆ ಎತ್ತರ ಗೊತ್ತಾದ ಮಾತ್ರಕ್ಕೆ ಕಾಡು ಗೊತ್ತಾದಂತೆ ಅಲ್ಲ. ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟವನ್ನು ಉದಾಹರಣೆಯಾಗಿ ನೋಡಬಹುದು. 1997ರಿಂದ 2008ರ ನಡುವೆ ಅಲ್ಲಿ ಲಂಟಾನ ಬಹಳ ಹೆಚ್ಚಿದ್ದನ್ನು ಅಧ್ಯಯನಗಳು ತೋರಿಸಿವೆ. ಇಂತಹ ಕಾಡಿನ ಮೇಲೆ ಲೇಸರ್ ಹಾರಿಸಿದರೆ ಮರಗಳ ಕೆಳಗೆ ಒಂದೆರಡು ಮೀಟರ್ ಎತ್ತರದ ಪೊದೆ ಎಲ್ಲೆಲ್ಲಿ ದಟ್ಟವಾಗಿದೆ ಎಂದು ತಿಳಿಯುತ್ತದೆ. ಅದು ಲಂಟಾನವೋ, ಬಿದಿರಿನ ಎಳೆಮೊಳಕೆಯೋ ಎಂಬುದು ತಿಳಿಯದು. ನೆಲ್ಲಿ ಮರಕ್ಕೆ ಅಂಟುವ ಬಂದಳಿಕೆಯಂತೂ ಮರದ ನೆತ್ತಿಯಲ್ಲಿಯೇ ಸೇರಿಹೋಗುತ್ತದೆ. ಅಲ್ಲಿನ ಸೋಲಿಗರು ಇದನ್ನು ಉಪ್ಪಿಲು ಎನ್ನುತ್ತಾರೆ. ಒಣಗಿದ ಎಲೆಗೆ ಹಾಕುತ್ತಿದ್ದ ತರಗು ಬೆಂಕಿ ನಿಂತ ಮೇಲೆ ಉಪ್ಪಿಲೂ ಲಂಟಾನವೂ ಹೆಚ್ಚಿದವು ಎಂಬುದು ಅವರ ಅನುಭವ. ಈ ಮಾತನ್ನು ಯಾವ ಉಪಕರಣವೂ ಹೇಳಲಾರದು.

ಸೋಲಿಗರು ತಮ್ಮ ಕಾಡನ್ನು ಕುಲಗಳಿಗೆ ಸೇರಿದ ಎಲ್ಲೆಗಳಾಗಿ ಗುರುತಿಸುತ್ತಾರೆ. ಪ್ರತಿ ಎಲ್ಲೆಯಲ್ಲೂ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಮುಂತಾದ ಸ್ಥಳಗಳಿವೆ. ಹಿರಿಯರೂ ಯುವಕರೂ ಏಟ್ರೀ ಸಂಸ್ಥೆಯೊಡನೆ ಕಾಡಿನಲ್ಲಿ ನಡೆದು, ಜಿ.ಪಿ.ಎಸ್. ಉಪಕರಣದಿಂದ ಇಂಥ ನೂರಾರು ಸ್ಥಳಗಳನ್ನು ನಕ್ಷೆಗೆ ತಂದರು. 2011ರಲ್ಲಿ ಅವರ ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕು ದೊರೆಯಿತು; ಹುಲಿ ಸಂರಕ್ಷಿತ ಪ್ರದೇಶದೊಳಗೆ ಇಂಥ ಹಕ್ಕು ಸಿಕ್ಕಿದ್ದು ದೇಶದಲ್ಲಿ ಅದೇ ಮೊದಲು. ಲೇಸರ್ ನಕ್ಷೆಯನ್ನು ಇಂತಹ ನಕ್ಷೆಯ ಮೇಲೆ ಕೂರಿಸಿದಾಗಲೇ ಅದು ನಿರ್ವಹಣೆಗೆ ಬರುವುದು.

ನಕ್ಷೆಯಿಂದ ಅಪಾಯವೂ ಉಂಟು. ಹೆಜ್ಜೇನಿನ ಮರ, ಬೆಲೆಬಾಳುವ ಮರ, ಪೂಜಾಸ್ಥಳಗಳ ನೆಲೆ ಹೊರಗಿನವರ ಕೈಸೇರಿದರೆ ಹಾನಿ ತಪ್ಪದು. ಆದ್ದರಿಂದ ಹಾರಾಟಕ್ಕೆ ಮೊದಲೇ ಗ್ರಾಮಸಭೆ ಕರೆದು, ಯಾವುದನ್ನು ಅಳೆಯಬೇಕು, ಯಾವುದನ್ನು ಬಿಡಬೇಕು, ಮಾಹಿತಿ ಯಾರ ಬಳಿ ಇರಬೇಕು ಎಂಬುದನ್ನು ಬರವಣಿಗೆಯಲ್ಲಿ ಇಡುವುದು ಅವಶ್ಯಕ. ಇಲಾಖೆಯ ಅನುಮತಿ ಗ್ರಾಮಸಭೆಯ ಒಪ್ಪಿಗೆಗೆ ಬದಲಿಯಲ್ಲ. 2021ರ ಡ್ರೋನ್ ನಿಯಮಗಳ ಪ್ರಕಾರ ಹಸಿರು ವಲಯದಲ್ಲಿ 120 ಮೀಟರ್ ಎತ್ತರದವರೆಗೆ ಹಾರಾಟಕ್ಕೆ ಮುಂಗಡ ಅನುಮತಿ ಬೇಕಿಲ್ಲವಾದರೂ, ಅಭಯಾರಣ್ಯದ ಮೇಲೆ ಹಾರಿಸಲು ಅರಣ್ಯ ಇಲಾಖೆಯನ್ನು ಕೇಳಲೇಬೇಕು.

ಯಂತ್ರ ಹಾರಿಸುವುದು ಹೊರಗಿನ ತಜ್ಞರಿಗಷ್ಟೇ ಸಾಧ್ಯವೆಂದು ಭಾವಿಸಬೇಕಾಗಿಲ್ಲ. ದಕ್ಷಿಣ ಅಮೆರಿಕದ ಗಯಾನಾ ದೇಶದ ವಾಪಿಶಾನ ಜನರು 2014ರಲ್ಲಿ ಕ್ಯಾಮೆರಾ ಹೊತ್ತ ಡ್ರೋನನ್ನು ತಾವೇ ಜೋಡಿಸಿ, ತಮ್ಮ ಕಾಡಿನ ಮೇಲೆ ಹಾರಿಸಲು ಕಲಿತರು. ಲೇಸರ್ ಉಪಕರಣದ ಬೆಲೆ ಕ್ಯಾಮೆರಾಕ್ಕಿಂತ ಬಹಳ ಹೆಚ್ಚು. ಆದರೂ ಪೋಡಿನ ಯುವಕರು ನೆಲದ ಮೇಲೆ ಮರಗಳ ಸುತ್ತಳತೆ ಮತ್ತು ಜಾತಿಯನ್ನು ದಾಖಲಿಸುವ ಕೆಲಸಕ್ಕೆ ಒಂದು ಟೇಪು, ಒಂದು ಪುಸ್ತಕ ಸಾಕು. ಆ ದಾಖಲೆಯಿಲ್ಲದೆ ಲೇಸರ್ ಎತ್ತರದಿಂದ ಮರದ ತೂಕವನ್ನು ನಂಬಿಕೆಯಿಂದ ಅಂದಾಜು ಮಾಡಲು ಬರುವುದಿಲ್ಲ.